ಬಬಲೇಶ್ವರದಲ್ಲಿ ಮುರಿಯದ ಪಟಗಂಬ

"ಅದನ್ನ ಇಳಸಬ್ಯಾಡೋ, ಅದು ಮುರಿಯೋ ಕಂಬ" ಎಂದು ಗುರುಸಿದ್ದವ್ವ ಹೇಳುವಷ್ಟರಲ್ಲಿ ಮೈದುನನ ಮಗ ಸಿದ್ದಲಿಂಗೇಶ ಬಿದಿರನ್ನು ಅಟ್ಟದಿಂದ ಅರ್ಧ ಎಳೆದಾಗಿತ್ತು.

ಪಡಸಾಲೆಯಲ್ಲಿ ಅವಳ ಗಂಡ ಅಮರಪ್ಪ ಮೈತುಂಬ ವಿಭೂತಿ ಹಚ್ಚಿಸಿಕೊಂಡು, ಯಾರಿಗೋ ಕಾಯುವವನ ಹಾಗೆ ಗೋಡೆಗೊರಗಿ ಕೂತಿದ್ದ. ಅವನನ್ನು ಕೂರಿಸಿ ಮಸಣಕ್ಕೆ ಹೊರಬೇಕಾದ ಬಿದಿರಿನ ವಿಮಾನ ಅಂಗಳದಲ್ಲಿ ಮುಕ್ಕಾಲು ಸಿದ್ಧವಾಗಿತ್ತು. ತಂದ ಎರಡು ಬಿದಿರುಗಳಲ್ಲಿ ಒಂದು ಹಗ್ಗ ಬಿಗಿಯುವಾಗಲೇ ಸೀಳಿತ್ತು. ತಿಕೋಟಾದ ಬಿದಿರಿನ ಅಂಗಡಿಯವನು ಬಾಗಿಲು ಹಾಕಿಕೊಂಡು ಮದುವೆಗೆ ಹೋಗಿದ್ದ.

"ಇಂಥಾ ನೆಟ್ಟನ್ನ ಬಿದಿರು ಈಗ ಎಲ್ಲಿ ಸಿಗತೈತಿ ದೊಡ್ಡವ್ವ? ಕುಣಿ ತಗದು ಮಂದಿ ಕಾಯಾಕತ್ತಾರ."

"ನಡುವ ಕೊಯ್ದೈತಿ ನೋಡು. ದಾರ್ಯಾಗ ನಿಮ್ಮ ದೊಡ್ಡಪ್ಪನ್ನ ನೆಲಕ್ಕ ಕೆಡವತೈತಿ."

"ಗಟ್ಟಿ ಐತಿ, ನೀ ಒಳಗ ಕುಂದರು" ಎಂದು ಅವನು ಬಿದಿರನ್ನು ವಿಮಾನಕ್ಕೆ ಕಟ್ಟತೊಡಗಿದ. ಗಂಡ ಸತ್ತ ದಿನ ಹೆಂಡತಿಯ ಅಳುವನ್ನು ಊರೆಲ್ಲ ಕೇಳುತ್ತದೆ, ಮಾತನ್ನು ಯಾರೂ ಕೇಳುವುದಿಲ್ಲ.

*

ಅದು ನಾಟಕದ ಹಡಗಿಗೆ ಹಾಯಿ ಕಟ್ಟುವ ಪಟಗಂಬ. ಅಮರಪ್ಪ ಬಡಗಿ. ಹಳ್ಳಿಯ ನಾಟಕಗಳಿಗೆ ಸಜ್ಜು ಮಾಡಿಕೊಡುವುದು ಅವನ ಹುಚ್ಚು. ಆದಿಲಶಾಹಿ ಕಾಲದ ಕುದುರೆ ವ್ಯಾಪಾರಿಯೊಬ್ಬನ ಹಡಗು ಬಿರುಗಾಳಿಗೆ ಸಿಕ್ಕು ಚಿಂದಿಯಾಗುವ ನಾಟಕವೊಂದಿತ್ತು. ಸಮುದ್ರವನ್ನೇ ಕಾಣದ ಅಮರಪ್ಪ, ಗಾಳಿಮಳೆಗೆ ಹರಿದ ಒಣದ್ರಾಕ್ಷಿ ಶೆಡ್ಡಿನ ತಾಡಪತ್ರಿ ನೋಡಿಬಂದು ಹಾಯಿ ಹರಿದ, ಚುಕ್ಕಾಣಿ ಮುರಿದ, ಪಕ್ಕದ ಹಲಗೆ ಕಿತ್ತ. ಪಟಗಂಬವನ್ನು ನಡುವೆ ಕೊಯ್ದು, ಕಬ್ಬಿಣದ ಕೊಳವೆ ತೊಡಿಸಿ, ಅದಕ್ಕೆ ಹಗ್ಗ ಕಟ್ಟಿದ ಒಂದು ಗೂಟ ಸಿಕ್ಕಿಸಿದ. ಹಗ್ಗ ಜಗ್ಗಿದರೆ ಗೂಟ ಕಳಚಿ ಕಂಬ ಮುರಿದು ಬೀಳಬೇಕು. ಆ ಹಗ್ಗವನ್ನು ಹೆಂಡತಿಯ ಕೈಗಲ್ಲದೆ ಇನ್ನೊಬ್ಬರಿಗೆ ಕೊಡಲಿಲ್ಲ.

ಮೊದಲ ಆಟ ಬಬಲೇಶ್ವರದಲ್ಲಿ. ವ್ಯಾಪಾರಿಯ ಪಾತ್ರ ಆ ಊರಿನ ಗೆಳೆಯ ಸಂಗನಬಸವನದು. "ಪಟಗಂಬ ಮುರಿಯಿತು" ಎಂದು ಅವನು ಎದೆ ಬಡಿದುಕೊಂಡ. ಕಂಬ ನಿಂತೇ ಇತ್ತು. ಮತ್ತೆ ಬಡಿದುಕೊಂಡ. "ಎಲ್ಲಿ ಮುರೀತೋ ಯಪ್ಪಾ" ಎಂದು ಜನ ಕೇಕೆ ಹಾಕಿದರು. ಕೊನೆಗೆ ಒದ್ದರೂ ಅಲುಗಲಿಲ್ಲ.

ಇಡೀ ದಿನ ದ್ರಾಕ್ಷಿ ಆರಿಸಿ ದಣಿದಿದ್ದ ಗುರುಸಿದ್ದವ್ವನಿಗೆ ಪರದೆಯ ಹಿಂದೆ ಜೊಂಪು ಹತ್ತಿದ್ದು ನಿಜ. ಗಾಬರಿಯಲ್ಲಿ ಎದ್ದು ಹಗ್ಗ ಓರೆಯಾಗಿ ಜಗ್ಗಿದ್ದಕ್ಕೇ ಗೂಟ ಸಿಕ್ಕಿಬಿತ್ತೆಂದು ಅವಳು ನಂಬಿದಳು. ಅಮರಪ್ಪ ಕಂಬವನ್ನು ಮನೆಗೆ ತಂದ. ಕಂಬಕ್ಕೆ ಹಗ್ಗ ಸುತ್ತಿ ಅಟ್ಟಕ್ಕೆ ಎಸೆದವನು ಮತ್ತೆ ನಾಟಕದ ಹೆಸರೆತ್ತಲಿಲ್ಲ. ಬೈದಿದ್ದರೆ ಅವಳು ಅಂದೇ ಮರೆಯುತ್ತಿದ್ದಳು. ಅವನ ಹುಚ್ಚನ್ನು ಕೊಂದವಳು ತಾನೇ ಎಂಬ ಸಂಕಟ ಮಾತ್ರ ವರ್ಷಗಟ್ಟಲೆ ಉಳಿಯಿತು. ಸಂಗನಬಸವನಂತೂ ಎದುರಾದಾಗಲೆಲ್ಲ "ನಿದ್ದಿ ಆತೇನ್ರಿ ವೈನಿ" ಎನ್ನುವುದನ್ನು ಬಿಡಲಿಲ್ಲ.

*

ಆ ಸಂಗನಬಸವ ಬಬಲೇಶ್ವರದಿಂದ ಬಂದು, ಗೆಳೆಯನ ಕಾಲು ಹಿಡಿದು ಅತ್ತು, ಹೊರಗೆ ಬಂದಾಗ ಗುರುಸಿದ್ದವ್ವ ತಡೆದಳು.

"ನೀವರೇ ಹೇಳ್ರಿ ಅಣ್ಣಾ. ಅದು ಆ ಕಂಬ. ಇವರಿಗೆ ನನ್ನ ಮಾತು ತಿಳೀವಲ್ದು."

ಸಂಗನಬಸವ ಬೆಚ್ಚಿದ. ಕಟ್ಟುವವರನ್ನು ನಿಲ್ಲಿಸಿ, ಬಿದಿರಿಗೆ ಸುತ್ತಿದ್ದ ಬಣ್ಣದ ಬಟ್ಟೆ ಸರಿಸಿ, ಕೊಳವೆಯ ಮೇಲೆ ಹೆಬ್ಬೆರಳು ಆಡಿಸಿದ. ಬೆರಳು ಒಂದು ಕಡೆ ನಿಂತಿತು.

"ವೈನಿ, ಇಲ್ಲಿ ಬರ್ರಿ. ಗೂಟಕ್ಕ ಮೊಳಿ ಹೊಡದಾನ. ಆನಿ ಜಗ್ಗಿದ್ರೂ ಬರೂದಿಲ್ಲ ಇದು."

ತುಕ್ಕು ಹಿಡಿದ ಮೊಳೆಯ ತಲೆಯನ್ನು ಅವಳು ಮುಟ್ಟಿ ನೋಡಿದಳು. ನಾಟಕದ ದಿನ ಬೆಳಿಗ್ಗೆ, ಟೆಂಪೋಕ್ಕೆ ಹೇರುವ ಮುಂಚೆ, ಅಂಗಳದಲ್ಲಿ ಸುತ್ತಿಗೆಯ ಸಪ್ಪಳ ಕೇಳಿತ್ತು. ಏನೆಂದು ಕೇಳಿದ್ದಕ್ಕೆ "ದಾರ್ಯಾಗ ಕುಲುಕಿ ಬಿದ್ದೀತು" ಎಂದಿದ್ದ ಅಮರಪ್ಪ. ಬಬಲೇಶ್ವರದಲ್ಲಿ ಇಳಿಸಿದ ಮೇಲೆ ಕೀಳಲು ಮರೆತಿದ್ದ.

"ಅಂದ್ರ ನಾ ಮಲಗಿದ್ದಕ್ಕಲ್ಲ?"

"ನೀವು ಎಚ್ಚರಿದ್ರೂ ಅಷ್ಟ ರೀ."

ಅವಳ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಒಳಗೆ ಹೋಗಿ ಗಂಡನ ಮುಂದೆ ಕುಕ್ಕರಿಸಿದಳು. "ಒಮ್ಮೆರ ಅಟ್ಟ ಹತ್ತಿ ನೋಡಿದ್ರ ನಿನ್ನ ಗಂಟೇನು ಹೋಗ್ತಿತ್ತು" ಎಂದಳು. ನಗುವೂ ಅಳುವೂ ಒಟ್ಟಿಗೇ ಬಂದವು. ಹೆಂಗಸರು ದುಃಖಕ್ಕೆ ತಲೆ ಕೆಟ್ಟಿತೆಂದು ಅವಳನ್ನು ಹಿಡಿದುಕೊಂಡರು.

ಮಸಣದವರೆಗೂ ಕಂಬ ಕಿರ್ರ್ ಎನ್ನಲಿಲ್ಲ. ಅಮರಪ್ಪ ಒಂದಿಷ್ಟೂ ವಾಲದೆ ಕೂತು ಹೋದ.

ಮಣ್ಣು ಕೊಟ್ಟಾದ ಮೇಲೆ ಬಿದಿರನ್ನು ಮನೆಗೆ ಒಯ್ಯುವಂತಿಲ್ಲ, ಅಲ್ಲೇ ಮುರಿದು ಬರಬೇಕು. ಸೀಳದೆ ಉಳಿದ ಇನ್ನೊಂದು ಬಿದಿರನ್ನು ಕೊಡಲಿಯಿಂದ ಮುರಿದಾಯಿತು. ಸಿದ್ದಲಿಂಗೇಶ ಪಟಗಂಬಕ್ಕೆ ಕೊಡಲಿ ಎತ್ತಿದಾಗ ಸಂಗನಬಸವ ಕೈ ಅಡ್ಡ ಹಿಡಿದ. ಯಾರ ಬೈಕಿನಿಂದಲೋ ಇಕ್ಕಳ ತರಿಸಿ ಮೊಳೆ ಕಿತ್ತ. ಕಂಬವನ್ನು ನೆಟ್ಟಗೆ ನಿಲ್ಲಿಸಿ ಹಿಡಿದು, ಸುತ್ತಿದ್ದ ಹಗ್ಗ ಬಿಚ್ಚಿ ತುದಿಯನ್ನು ಹೆಂಗಸರ ನಡುವೆ ನಿಂತಿದ್ದ ಗುರುಸಿದ್ದವ್ವನ ಕೈಗೆ ಕೊಟ್ಟ.

"ಎಚ್ಚರ ಅದೀರೇನ್ರಿ ವೈನಿ?"

"ಎಚ್ಚರ ಅದೀನ್ರಿ."

ಅವನು ಗಂಟಲು ಸರಿಪಡಿಸಿಕೊಂಡ. "ಪಟಗಂಬ ಮುರಿಯಿತು" ಎಂದ, ಮೆಲ್ಲಗೆ.

ಅವಳು ಜಗ್ಗಿದಳು. ಮೇಲಿನ ಅರ್ಧ ಹಸಿಮಣ್ಣಿನ ಪಕ್ಕಕ್ಕೆ ಧಪ್ಪೆಂದು ಬಿತ್ತು. ಅವಳ ಕೈಯ ಹಗ್ಗದ ತುದಿಯಲ್ಲಿ ಗೂಟ ಇನ್ನೂ ತೂಗಾಡುತ್ತಿತ್ತು.