ಮಾಳವ್ವನ ಸರದಿ

ದಿನವಿಡೀ ಕಂಡವರ ಹೊಲದಲ್ಲಿ ಕಸ ತೆಗೆದು ಪರಸವ್ವನ ಸೊಂಟ ಬಿದ್ದುಹೋಗಿತ್ತು. ಆದರೂ ತಿಕೋಟಾದ ಸಾಲೆಯ ಕಡೆ ಕಾಲೆಳೆದುಕೊಂಡು ಹೋದಳು. ಮಗಳು ಮಾಳವ್ವನ ಹೆಸರನ್ನು ವಿಜಾಪುರದ ಹಾಸ್ಟೆಲಿಗೆ ಕಳಿಸುವುದಿಲ್ಲವೆಂದು ಅಮರಪ್ಪ ಮಾಸ್ತರರು ಹೇಳಿದ್ದರು. ಹಾಸ್ಟೆಲು ತಪ್ಪಿದರೆ ಬರುವ ಸುಗ್ಗಿಗೆ ಹುಡುಗಿಯ ಕೈಗೂ ಕುಡಗೋಲೇ.

ಮಾಸ್ತರರು ಕೆಟ್ಟವರೇನಲ್ಲ. ಯಾರ ಮಕ್ಕಳ ತಲೆಯಲ್ಲಿ ಏನಿದೆ ಎಂಬುದನ್ನು ಮಾತ್ರ ಆ ಮಕ್ಕಳು ಹುಟ್ಟುವ ಮೊದಲೇ ತಿಳಿದುಕೊಂಡಿದ್ದರು.

"ಅಂಗಡಿಕಾರರ ಹುಡುಗರು ಲೆಕ್ಕಾ ಕೇಳೂದ್ರಾಗ ಹೇಳ್ತಾವ. ನಿನ್ನ ಮಗಳು ಎಲ್ಲಾರ ಬಾಯಿ ಮುಗಿಯೂತನಾ ಕಾಯ್ತಾಳ. ಅದು ಕಲಿತದ್ದಲ್ಲ, ಕೇಳಿ ಹೇಳೂದು. ನಿಮ್ಮ ಮಂದಿ ದುಡಿಯಾಕ ಗಟ್ಟಿ, ವಿದ್ಯಾ ಬ್ಯಾರೆ."

"ಇನ್ನೊಮ್ಮೆ ಕೇಳಿ ನೋಡ್ರಿ ಯಪ್ಪಾ."

"ಆತು. ನಾಳೆ ಎಲ್ಲಾರಕಿಂತ ಮೊದಲ ಹೇಳಿದ್ರ ಹೆಸರು ಕಳಿಸ್ತೀನಿ."

ಮಗಳಿಗೆ ಬಾವಿಯ ಬಳಿ ಕಾಯುವುದನ್ನು ಕಲಿಸಿದವಳು ಪರಸವ್ವನೇ. ಅವರು ಬೌದ್ಧರಾಗಿ, ಬುದ್ಧನ ಪಟ ಮನೆಗೆ ಬಂದು ಮೂರು ವರ್ಷವಾಗಿತ್ತು. ಬಾವಿಗೆ ಮಾತ್ರ ಆ ಸುದ್ದಿ ಮುಟ್ಟಿರಲಿಲ್ಲ. ಇವರು ಹಗ್ಗ ಮುಟ್ಟುವಂತಿಲ್ಲ. ಊರವರ ಕೊಡಗಳೆಲ್ಲ ತುಂಬಿದ ಮೇಲೆ ಯಾರಾದರೂ ಮನಸ್ಸು ಮಾಡಿ ಸುರಿಯಬೇಕು.

ಅಂದು ಸಂಜೆ ಬಾವಿಯ ಬಳಿ ದೂರ ನಿಂತು ಮಗಳಿಗೆ ಮೆಲ್ಲಗೆ ಹೇಳಿದಳು: "ನಾಳೆ ಸಾಲ್ಯಾಗ ಎಲ್ಲಾರಕಿಂತ ಮೊದಲ ನೀನ ಹೇಳಬೇಕು."

"ಹಂಗಾರ ಇಲ್ಲೂ ಮೊದಲ ಕೊಡ ಹಿಡೀಲೇನಬೇ?"

"ಇಲ್ಲಿ ಬ್ಯಾಡ. ಸಾಲ್ಯಾಗ ಅಷ್ಟ."

ಮಾಳವ್ವ ಹಗ್ಗ ಎಳೆಯುತ್ತಿದ್ದ ಅಂಗಡಿಕಾರರ ನೀಲಾಬಾಯಿಯನ್ನು ನೋಡಿದಳು. "ಸಾಲ್ಯಾಗ ನನ್ನ ಮುಂದ ಕುಂದರಾಂವ ಇವರ ಮಗನ ಅಲ್ಲೇನು?"

ಅಷ್ಟರಲ್ಲಿ ನೀಲಾಬಾಯಿ ನೀರು ಸುರಿಯಲು ಬಂದಳು. ಪರಸವ್ವ ಬಾಗಿ ಕೊಡ ಹಿಡಿದಳು.

ಮರುದಿನ ಕೂಲಿ ಬಿಟ್ಟು ಸಾಲೆಯ ಬಾಗಿಲಲ್ಲಿ ನಿಂತಳು. ಮಾಸ್ತರರು ಲೆಕ್ಕ ಕೇಳಿದರು. ಮಗಳ ತುಟಿ ಅಲುಗಿದ್ದನ್ನು ಪರಸವ್ವ ಕಣ್ಣಾರೆ ಕಂಡಳು. ಹುಡುಗಿ ತನ್ನ ಮುಂದೆ ಕುಳಿತ ನೀಲಾಬಾಯಿಯ ಮಗನ ಬೆನ್ನು ನೋಡಿದಳು, ಬಾಯಿ ಮುಚ್ಚಿದಳು. ಅವನು ಹೇಳಿದ, ತಪ್ಪಾಯಿತು. ಇನ್ನಿಬ್ಬರು ಹೇಳಿದರು, ಅವೂ ತಪ್ಪು. ಕಡೆಗೆ ಮಾಳವ್ವ ಸರಿಯಾದ ಉತ್ತರ ಹೇಳಿದಳು.

"ನೋಡಿದಿಲ್ಲೋ? ಮತ್ತ ಕಡೀಕ," ಎಂದು ಮಾಸ್ತರರು ಪರಸವ್ವನತ್ತ ತಿರುಗಿ ಕೈ ಚೆಲ್ಲಿದರು. ಸರಿ ಉತ್ತರ ಯಾರಿಂದ ಕೇಳಿ ಹೇಳಿದಳು ಎಂಬುದನ್ನು ಅವರು ಯೋಚಿಸಲಿಲ್ಲ.

ದಾರಿಯುದ್ದಕ್ಕೂ ಮಾಳವ್ವ ಬೈಗುಳಕ್ಕೆ ಕಾದಳು. ಮನೆ ಮುಟ್ಟಿದ ಮೇಲೆ ಪರಸವ್ವ ಖಾಲಿ ಕೊಡ ಮಗಳ ಕೈಗೆ ಕೊಟ್ಟು, "ನಡಿ, ನೀರಿಗೆ ಹೊತ್ತಾತು," ಎಂದಳು.