ನೋಂದಣಿಯ ಸಾಲು

"ಕಣ್ಣು ಮಂಜಾಗಿದೆ ಅಂತ ಬರ್ಕೊಡಿ. ಇಲ್ಲ, ಕೈ ನಡುಗುತ್ತೆ ಅಂತ ಬರ್ಕೊಡಿ. ಮರ್ಯಾದೆಯಿಂದ ಕಳಿಸ್ಕೊಡ್ತೀನಿ," ಎಂದು ಭಾವ ಹಸಿರು ಸರ್ಕಿಟ್ ಬೋರ್ಡನ್ನು ಬೆಸುಗೆ ಮೇಜಿನ ಮೇಲೆ ಕುಕ್ಕಿದ.

ದೊಡ್ಡಮ್ಮ ಭೂತಗನ್ನಡಿಯಿಂದ ತಲೆ ಎತ್ತಲಿಲ್ಲ. "ಚಿಪ್ಪಿನ ಯಾವ ಕಾಲಿನ ಬೆಸುಗೆ ಬಿಟ್ಟಿದೆ ತೋರ್ಸಿ ಸಾರ್. ಈಗ್ಲೇ ಎದ್ದು ಹೋಗ್ತೀನಿ."

"ಏಳು ಪೆಟ್ಟಿಗೆ ವಾಪಸ್ ಬಂದಿದೆ. ಕಾಲು ಬಿಟ್ಟಿದೆ ಅನ್ನಿ, ಚಿಪ್ಪು ಕೂತಿಲ್ಲ ಅನ್ನಿ, ಅಳಿಯ ಅಲ್ಲ ಮಗಳ ಗಂಡ. ಸೋಮವಾರದೊಳಗೆ ಕಾಗದ ನನ್ನ ಮೇಜಿನ ಮೇಲಿರ್ಬೇಕು."

"ಎತ್ತಿಗೆ ಜ್ವರ, ಎಮ್ಮೆಗೆ ಬರೆ," ಎಂದು ದೊಡ್ಡಮ್ಮ ಬೋರ್ಡಿಗೇ ಹೇಳಿದಳು. ಭಾವ ಅಷ್ಟರಲ್ಲಿ ಹೊರಟುಹೋಗಿದ್ದ.

ಗಾಜಿನ ಅಡ್ಡಗೋಡೆಯ ಈಚೆ ಕುಳಿತಿದ್ದ ಡ್ರೈವರಮ್ಮನಿಗೆ ಎಲ್ಲವೂ ಕೇಳಿಸಿತು. ಬೆಳಗಿನ ಎಂಟೂವರೆ. ಅವಳಿಗೆ ಆ ಹೆಸರು ಇಟ್ಟದ್ದು ಉಗ್ರಾಣದವನು. ಯಂತ್ರದ ಬಿಡಿಭಾಗಗಳನ್ನು ನಡೆಸುವ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ, ಇವಳು ಬರೆಯುವುದು ಅದನ್ನೇ ಎಂದು ತಿಳಿದ ದಿನದಿಂದ ಅವನು ದಿನಾ ಕೇಳುತ್ತಿದ್ದ: "ಏನಮ್ಮಾ ಡ್ರೈವರಮ್ಮ, ಗಾಡಿ ಎಲ್ಲಿ ನಿಲ್ಸಿದೀಯ?" ಬೆಸುಗೆಯಾಕೆ ಇಲ್ಲಿ ಯಾರಿಗೂ ಸಂಬಂಧದಿಂದ ದೊಡ್ಡಮ್ಮನಲ್ಲ, ಹದಿನಾರು ವರ್ಷ ಅದೇ ಕುರ್ಚಿಯಲ್ಲಿ ಕುಳಿತು ಎಲ್ಲರಿಗೂ ದೊಡ್ಡಮ್ಮನಾಗಿದ್ದಳು. ಭಾವ ಮಾತ್ರ ನಿಜವಾಗಿಯೂ ಭಾವ, ಡ್ರೈವರಮ್ಮನ ಅಕ್ಕನ ಗಂಡ, ಕಾರ್ಖಾನೆಯ ಯಜಮಾನ. "ಮನೇಲಿ ಭಾವ ಅನ್ನು, ಇಲ್ಲಿ ಸಾರ್ ಅನ್ನು" ಎಂದು ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದ. ಅಂದಿನಿಂದ ಮನೆಯಲ್ಲಿಯೂ ಅವರ ನಡುವೆ ಮಾತು ಕಡಿಮೆ.

ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುದು ಆಸ್ಪತ್ರೆಯ ಹಾಸಿಗೆ ಪಕ್ಕ ಇಡುವ ಪೆಟ್ಟಿಗೆ. ರೋಗಿಯ ನಾಡಿ, ಉಸಿರಾಟದ ಲೆಕ್ಕವನ್ನು ಅದು ತಂತಿಯ ಮೂಲಕ ನರ್ಸಿನ ಮೇಜಿನ ಪರದೆಗೆ ಕಳಿಸುತ್ತದೆ. ನಾಲ್ಕು ತಿಂಗಳ ಹಿಂದೆ ಒಂದೇ ಆಸ್ಪತ್ರೆಗೆ ನಾನೂರು ಹೋಗಿದ್ದವು. ಅವುಗಳಲ್ಲಿ ಏಳು, ಆನ್ ಮಾಡುವಾಗ ಕೆಂಪು ದೀಪ ಹತ್ತಿಸಿಕೊಂಡು ಹಾಗೇ ನಿಂತುಬಿಟ್ಟವು. ಒಂದು ವಾರ್ಡಿನಲ್ಲಿ ಇಪ್ಪತ್ತು ನಿಮಿಷ ಯಾರೂ ಗಮನಿಸಿರಲಿಲ್ಲ. ರೋಗಿಗೆ ಏನೂ ಆಗಲಿಲ್ಲ. ಆದರೆ ಆಸ್ಪತ್ರೆಯ ಪತ್ರದಲ್ಲಿ 'ಇಪ್ಪತ್ತು ನಿಮಿಷ' ಎಂಬುದು ದಪ್ಪ ಅಕ್ಷರದಲ್ಲಿತ್ತು.

ಡ್ರೈವರಮ್ಮ ಬೆಸುಗೆಯ ಮಾತನ್ನು ನಂಬಿರಲಿಲ್ಲ. ಹಿಂದಿನ ದಿನವೇ ವಾಪಸ್ ಬಂದ ಪೆಟ್ಟಿಗೆಯೊಂದನ್ನು ಟೈಮರ್ ಸ್ವಿಚ್ಚಿಗೆ ಸಿಕ್ಕಿಸಿದ್ದಳು. ನಲವತ್ತು ಸೆಕೆಂಡಿಗೊಮ್ಮೆ ಅದು ಆರುತ್ತಿತ್ತು, ಹತ್ತುತ್ತಿತ್ತು. ಮೂವತ್ತೇಳನೆಯ ಸಲ ನಿಂತಿತು. ಆಮೇಲೆ ನೂರ ಹನ್ನೆರಡನೆಯ ಸಲ, ಅದರ ಬೆನ್ನಿಗೇ ನೂರ ಹದಿಮೂರನೆಯ ಸಲ. ಮೂರು ಸಲವೂ ಸಾಯುವ ಮುಂಚೆ ಅದು ಕಳಿಸಿದ ಸಂದೇಶ ಒಂದೇ: ಜಾಲದಿಂದ ಮಾಹಿತಿಯ ಮೊದಲ ಪ್ಯಾಕೆಟ್ ಬಂತು, ಅದನ್ನು ಇಡಲು ಹೋದೆ, ಇಡುವ ಜಾಗವೇ ಇರಲಿಲ್ಲ. ಸಡಿಲ ಬೆಸುಗೆ ಹಾಗೆಲ್ಲ ಮೂರು ಸಲ ಒಂದೇ ಕಡೆ ಎಡವುವುದಿಲ್ಲ.

ಪೆಟ್ಟಿಗೆಯ ಕರ್ನಲ್, ಅಂದರೆ ಎಲ್ಲಕ್ಕೂ ಬುಡದಲ್ಲಿ ಓಡುವ ಪ್ರೋಗ್ರಾಮು. ಅದರೊಳಗೆ ಜಾಲದ ಚಿಪ್ಪನ್ನು ನೋಡಿಕೊಳ್ಳುವ ಕಡತವನ್ನು ಒಂಬತ್ತು ವರ್ಷದ ಹಿಂದೆ ಬರೆದವನು ಭಾವ. ಮೇಲ್ಗಡೆ ಅವನ ಹೆಸರೇ ಇದೆ. ಅವಳು ಹಲ್ಲು ಕಚ್ಚಿಕೊಂಡು ಅದನ್ನು ತೆರೆದಳು. ತಪ್ಪು ಇದರಲ್ಲಿರಲಿ ಎಂದು ಬಯಸಿಯೇ ತೆರೆದಳು.

ಹತ್ತು ನಿಮಿಷವೂ ಬೇಕಾಗಲಿಲ್ಲ. ಕರ್ನಲ್ಲಿನಲ್ಲಿ ಜಾಲದ ಸಾಧನವೊಂದನ್ನು ನೋಂದಾಯಿಸುವುದೆಂದರೆ ಅಂಗಡಿಯ ಬಾಗಿಲು ತೆಗೆದಂತೆ. ಮೊದಲು ಸಾಧನದ ವಿಳಾಸ ತುಂಬಬೇಕು, ಬಂದ ಪ್ಯಾಕೆಟ್ಟುಗಳನ್ನು ಇಡುವ ಜಾಗ ಕಟ್ಟಬೇಕು, ಎಲ್ಲ ಮುಗಿದ ಮೇಲೆ ಕೊನೆಗೆ ನೋಂದಣಿಯ ಒಂದು ಸಾಲು. ಅದನ್ನು ದಾಟಿದ ಮರುಕ್ಷಣ ಯಾರು ಬೇಕಾದರೂ ಒಳಗೆ ಬರಬಹುದು. ಈ ಕಡತದಲ್ಲಿ ಆ ಸಾಲು ನಟ್ಟನಡುವೆ ಇತ್ತು. ಜಾಗ ಕಟ್ಟುವ ಹನ್ನೊಂದು ಸಾಲು ಅದರ ಕೆಳಗಿದ್ದವು. ಸಾಮಾನ್ಯವಾಗಿ ಯಾರಾದರೂ ಬಾಗಿಲು ತಟ್ಟುವುದರೊಳಗೆ ಹನ್ನೊಂದೂ ಮುಗಿದಿರುತ್ತವೆ. ಎಲ್ಲೋ ಒಮ್ಮೊಮ್ಮೆ ಮುಗಿದಿರುವುದಿಲ್ಲ.

"ಸಿಕ್ಕಿಬಿದ್ರಿ," ಎಂದು ಅವಳು ಗಾಜಿನಾಚೆಯ ಭಾವನ ಕೋಣೆಯತ್ತ ನೋಡಿ ಮೆಲ್ಲಗೆ ಅಂದಳು.

ಆಮೇಲೆ ಕಡತದ ಚರಿತ್ರೆ ತೆಗೆದಳು. ಯಾವ ಸಾಲನ್ನು ಯಾರು, ಯಾವಾಗ ಬರೆದರು ಎಂಬುದು ಅದರಲ್ಲಿ ಇರುತ್ತದೆ. ಭಾವ ಬರೆದಾಗ ನೋಂದಣಿ ಕೊನೆಯಲ್ಲೇ ಇತ್ತು. ಏಳು ತಿಂಗಳ ಹಿಂದೆ ಅದು ಮೇಲಕ್ಕೆ ಬಂದಿತ್ತು. ಪಕ್ಕದಲ್ಲಿ ಅವಳ ಹೆಸರಿತ್ತು, ಅವಳೇ ಬರೆದ ಕಾರಣವೂ ಇತ್ತು: 'ಸಂದೇಶಗಳಲ್ಲಿ ಸಾಧನದ ಹೆಸರು ಕಾಣಲೆಂದು.'

ನೆನಪಾಯಿತು. ನೋಂದಣಿಯಾಗುವ ತನಕ ಸಾಧನಕ್ಕೆ ಹೆಸರಿರುವುದಿಲ್ಲ. ಸಂದೇಶಗಳಲ್ಲಿ ಹೆಸರಿನ ಜಾಗದಲ್ಲಿ ಏನೇನೋ ಗೀಚು ಬರುತ್ತಿತ್ತು. ಅದು ಅವಳ ಕಣ್ಣಿಗೆ ಚುಚ್ಚಿತ್ತು. ಸಾಲು ಎತ್ತಿ ಮೇಲಿಟ್ಟು ಇಪ್ಪತ್ತು ಸಲ ಆನ್ ಮಾಡಿ ನೋಡಿದ್ದಳು. ಇಪ್ಪತ್ತೂ ಸರಿ. "ಅದನ್ಯಾಕೆ ಮುಟ್ಟಿದೆ?" ಎಂದು ಭಾವ ಕೇಳಿದ್ದಕ್ಕೆ, "ನಿಮ್ಮ ಕಾಲದ ಕೋಡು ಸಾರ್, ತನ್ನ ಹೆಸರೂ ಸರಿಯಾಗಿ ಹೇಳಲ್ಲ" ಎಂದು ನಾಲ್ಕು ಜನರ ಎದುರಿಗೆ ಅಂದಿದ್ದಳು. ಅಂದು ನಾಲ್ವರೂ ನಕ್ಕಿದ್ದರು.

ಸಾಲನ್ನು ಕೆಳಕ್ಕೆ ಇಳಿಸಿ ಒಂಬತ್ತೂ ಇಪ್ಪತ್ತಕ್ಕೆ ಪೆಟ್ಟಿಗೆಯನ್ನು ಮತ್ತೆ ಟೈಮರಿಗೆ ಹಾಕಿದಳು. ಈ ಸಲ ಇಪ್ಪತ್ತಕ್ಕೆ ತೃಪ್ತಳಾಗಬಾರದು. ಆರುನೂರು. ಮಧ್ಯಾಹ್ನ ಊಟಕ್ಕೆ ದೊಡ್ಡಮ್ಮನ ಎದುರೇ ಕುಳಿತಳು. ದೊಡ್ಡಮ್ಮ ಡಬ್ಬಿ ತೆರೆದು, ಎರಡು ತುತ್ತು ತಿಂದು ಮುಚ್ಚಿದಳು. ಇವಳು ಟೈಮರಿನ ಲೆಕ್ಕ ನೋಡಲು ಎದ್ದುಹೋದಳು.

ನಾಲ್ಕು ಗಂಟೆಗೆ ಆರುನೂರು ಮುಗಿಯಿತು. ಒಮ್ಮೆಯೂ ನಿಲ್ಲಲಿಲ್ಲ.

"ಬೆಸುಗೆ ಅಲ್ಲ. ತಪ್ಪು ನಂದು," ಎಂದು ಭಾವನ ಮೇಜಿನ ಮೇಲೆ ಕಾಗದ ಇಟ್ಟಳು.

ಭಾವ ಕಾಗದ ನೋಡಲಿಲ್ಲ. "ಗೊತ್ತು."

"ಯಾವತ್ತಿಂದ?"

"ಮಂಗಳವಾರದಿಂದ. ನಾನು ಬರೆದ ಕಡತ, ನನಗೆ ಗೊತ್ತಾಗಲ್ವಾ? ಬಾಗಿಲು ಹಾಕು."

ಅವಳು ಹಾಕಲಿಲ್ಲ. "ಮತ್ತೆ ದೊಡ್ಡಮ್ಮನಿಗೆ ಇವತ್ತು ಬೆಳಿಗ್ಗೆ ಹಾಗಂದ್ರಲ್ಲ?"

"ಬೆಸುಗೆ ಅಂದ್ರೆ ಏಳು ಪೆಟ್ಟಿಗೆ. ಪ್ರೋಗ್ರಾಮು ಅಂದ್ರೆ ನಾನೂರು. ಪೂರ್ತಿ ಆಸ್ಪತ್ರೆಗೆ ಹೋಗಿ ಒಂದೊಂದೇ ಹಾಸಿಗೆಯಿಂದ ಬಿಚ್ಚಿ ತರ್ಬೇಕು. ಮತ್ತೆ ಪರೀಕ್ಷೆ, ಮತ್ತೆ ಅವರ ಸಹಿ. ಮುಂದಿನ ವರ್ಷ ನಮ್ಮನ್ನ ಗೇಟಿನ ಒಳಗೂ ಬಿಡಲ್ಲ."

"ಆ ನಾನೂರೂ ಯಾವತ್ತಾದ್ರೂ ನಿಲ್ತಾವೆ ಭಾವ."

"ಇಲ್ಲಿ ಸಾರ್ ಅನ್ನು." ಅವನು ಪೆನ್ನಿನ ಮುಚ್ಚಳ ಹಾಕಿದ. "ಮುಂದಿನ ಸಲ ಬೇರೆ ರಿಪೇರಿ ಜೊತೆ ಇದನ್ನೂ ಸದ್ದಿಲ್ದೆ ಸೇರಿಸ್ಬಿಡು. ಆ ಸಾಲಿನ ಪಕ್ಕ ಯಾರ ಹೆಸರಿದೆ ನೋಡ್ಕೊಂಡ್ಯಲ್ಲ? ನಿಮ್ಮಕ್ಕನ ಮುಖ ನೋಡಿ ಸುಮ್ನಿದ್ದೀನಿ."

"ಇಲ್ಲಿ ಅಕ್ಕ ಯಾಕೆ ಬಂದ್ಲು, ಸಾರ್?"

ಭಾವ ಬಾಗಿಲನ್ನು ತಾನೇ ಎದ್ದು ಹಾಕಿದ, ಅವಳು ಹೊರಗೆ ಕಾಲಿಟ್ಟ ಮೇಲೆ.

ತನ್ನ ಜಾಗಕ್ಕೆ ಬಂದು ಅವಳು ನಾಲ್ಕು ವಾಕ್ಯ ಬರೆದಳು. ಬೆಸುಗೆಯಲ್ಲಿ ದೋಷವಿಲ್ಲ. ನೋಂದಣಿಯನ್ನು ಇಂಥ ದಿನ ಮೇಲಕ್ಕೆ ತಂದವಳು ನಾನು. ನಾನೂರು ಪೆಟ್ಟಿಗೆಗಳಲ್ಲೂ ಈ ದೋಷವಿದೆ. ಸರಿಪಡಿಸಿದ ಪ್ರೋಗ್ರಾಮು ಆರುನೂರು ಸಲ ನಿಲ್ಲದೆ ಓಡಿದೆ. ದೂರು ಬಂದಿದ್ದ ಇ-ಮೇಲಿಗೇ ಉತ್ತರವಾಗಿ, ಆಸ್ಪತ್ರೆಯ ಸಲಕರಣೆ ಅಧಿಕಾರಿಯೂ ಸೇರಿ ಎಲ್ಲರಿಗೂ ಕಳಿಸಿದಳು. ಎರಡು ನಿಮಿಷಕ್ಕೆ ಭಾವನ ಕೋಣೆಯಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಅವನು ಎತ್ತಿಕೊಳ್ಳದೆ, ಗಾಜಿನಾಚೆಯಿಂದ ಅವಳನ್ನೇ ನೋಡುತ್ತ ನಿಂತಿದ್ದ.

ಅವಳು ಎದ್ದು ಬೆಸುಗೆ ಮೇಜಿಗೆ ಹೋದಳು. "ದೊಡ್ಡಮ್ಮ, ನಿಮ್ಮದೇನೂ ತಪ್ಪಿಲ್ಲ. ನಾನು ಒಂದು ಸಾಲನ್ನ ತಪ್ಪು ಜಾಗದಲ್ಲಿ ಇಟ್ಬಿಟ್ಟಿದ್ದೆ. ಎಲ್ಲರಿಗೂ ಬರೆದು ಕಳಿಸಿದ್ದೀನಿ."

"ನಿನಗೆ ಗೊತ್ತಾಗಿದ್ದು ಯಾವಾಗ?"

"ಬೆಳಿಗ್ಗೆ."

"ಬೆಳಿಗ್ಗೆ." ದೊಡ್ಡಮ್ಮ ಕಾವೇರಿದ ಬೆಸುಗೆ ಕಡ್ಡಿಯನ್ನು ಒದ್ದೆ ಸ್ಪಂಜಿಗೆ ಒತ್ತಿದಳು, ಅದು ಚುಂಯ್ ಎಂದಿತು. "ಊಟದ ಹೊತ್ತಲ್ಲಿ ನನ್ನೆದುರೇ ಕೂತಿದ್ಯಲ್ಲೇ."

"ಖಾತ್ರಿ ಮಾಡ್ಕೋಬೇಕಿತ್ತು."

"ನನ್ನ ಕೈ ನಡುಗುತ್ತೆ ಅಂತ ಹೇಳೋಕೆ ಯಾರಿಗೂ ಖಾತ್ರಿ ಬೇಕಾಗ್ಲಿಲ್ಲ ನೋಡು."

ಭೂತಗನ್ನಡಿಯ ಕೆಳಗೆ ಒಂದು ನೋಟ್‌ಬುಕ್ ಹಾಳೆಯಿತ್ತು. ಅದರ ತುಂಬ, ಮೇಲಿಂದ ಕೆಳಗಿನವರೆಗೆ, ಸ್ಕೇಲಿಲ್ಲದೆ ಎಳೆದ ಗೆರೆಗಳು. ಪ್ರತಿ ಗೆರೆಯ ಕೊನೆಗೆ ತಾರೀಖು. ಮೊದಲನೆಯದು ಏಳೂ ಪೆಟ್ಟಿಗೆ ವಾಪಸ್ ಬಂದ ದಿನದ್ದು. ಎಲ್ಲ ಗೆರೆಗಳೂ ನೆಟ್ಟಗಿದ್ದವು.

ದೊಡ್ಡಮ್ಮ ಆ ಹಾಳೆಯನ್ನು ಪಕ್ಕಕ್ಕೆ ಸರಿಸಿ ಹೊಸ ಬೋರ್ಡೊಂದನ್ನು ಗಾಜಿನ ಕೆಳಗೆ ಇಟ್ಟಳು. "ಬೆಳಕಿಗೆ ಅಡ್ಡ ನಿಂತಿದೀಯ," ಎಂದಳು.

ಡ್ರೈವರಮ್ಮ ಸರಿದು ನಿಂತಳು. ಅವಳ ಖಾಲಿ ಕುರ್ಚಿಯ ಮುಂದೆ, ಯಾರೂ ನಿಲ್ಲಿಸದೆ ಬಿಟ್ಟ ಪೆಟ್ಟಿಗೆ ಟಕ್ ಎಂದು ಆರಿ ಮತ್ತೆ ಹತ್ತಿತು. ಆರುನೂರ ಮೂವತ್ತೊಂದು. ಹಸಿರು ದೀಪ.