ಬೆಚ್ಚಗಿನ ತೊಟ್ಟಿ

ಕಾಂಕ್ರೀಟಿಗೂ ಜಾತಕ ಬರೆಯಬಹುದು ಎಂದು ರಮ್ಯಾ ಹೇಳಿದಾಗ ರಾಮನಗರದ ಆ ಪುಟ್ಟ ಪರೀಕ್ಷಾ ಕೇಂದ್ರದಲ್ಲಿ ನಗದವರಿಲ್ಲ. ಬಿಡದಿ, ಹಾರೋಹಳ್ಳಿ ಕಡೆ ಕಾರ್ಖಾನೆಗಳು ನಾಯಿಕೊಡೆಯಂತೆ ಏಳುತ್ತಿದ್ದ ಕಾಲ ಅದು. ಕಟ್ಟುವವರು ತಮ್ಮ ಕಾಂಕ್ರೀಟನ್ನು ಅಚ್ಚಿಗೆ ಹಾಕಿ, ಆ ಕ್ಯೂಬುಗಳನ್ನು ಇಲ್ಲಿಗೆ ತಂದುಕೊಡುತ್ತಿದ್ದರು. ಏಳು ದಿನ ತೊಟ್ಟಿಯ ನೀರಿನಲ್ಲಿ ನೆನೆಸಿಟ್ಟು, ಆಮೇಲೆ ಯಂತ್ರದಲ್ಲಿ ಒತ್ತಿ ಪುಡಿಮಾಡಿ, ಎಷ್ಟು ಭಾರ ತಡೆಯಿತೆಂದು ನೋಡುವುದು ಇಲ್ಲಿನ ಕೆಲಸ.

ಒಡೆಯುವ ಮೊದಲೇ ಹೇಳಿಬಿಡುತ್ತೇನೆ ಎಂದು ಅಲ್ಲೇ ಕೆಲಸಕ್ಕಿದ್ದ ರಮ್ಯಾ ಹೊರಟಿದ್ದಳು. ಕೇಂದ್ರದ ಹಳೆಯ ಫಲಿತಾಂಶಗಳನ್ನೆಲ್ಲ ಕಂಪ್ಯೂಟರಿಗೆ ಉಣಿಸಿ, ಇಷ್ಟು ಸಿಮೆಂಟು, ಇಷ್ಟು ನೀರು, ಇಂಥ ತಿಂಗಳು ಎಂದರೆ ಇಷ್ಟು ಗಟ್ಟಿ ಎಂದು ತಾನೇ ಊಹಿಸುವಂತೆ ಅದಕ್ಕೆ ಕಲಿಸಿದ್ದಳು. ಎರಡು ವರ್ಷದ ದುಡಿತ.

ದೀಪಾವಳಿಯವರೆಗೆ ಊಹೆ ಹೆಚ್ಚುಕಮ್ಮಿ ಸರಿಯಾಗಿಯೇ ಇತ್ತು. ಚಳಿ ಬಿತ್ತು ನೋಡಿ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಚಳಿಗಾಲದಲ್ಲಿ ಕಾಂಕ್ರೀಟು ಸೋಮಾರಿ, ಬಲಿಯುವುದು ನಿಧಾನ. ಹಿಂದಿನ ವರ್ಷಗಳಿಂದ ಅದನ್ನು ಕಲಿತಿದ್ದ ಕಂಪ್ಯೂಟರು ಕಡಿಮೆ ಹೇಳುತ್ತಿತ್ತು. ಈ ಸಲದ ಕ್ಯೂಬುಗಳು ಮಾತ್ರ ಬೇಸಿಗೆಯವುಗಳಂತೆ ಗಟ್ಟಿ. ಕೇಂದ್ರದ ಯಜಮಾನ ಅನಂತರಾಜು ಕೊನೆಗೆ ಕಡ್ಡಿ ಮುರಿದಂತೆ ಹೇಳಿದರು: ಇನ್ನೊಂದು ಸಲ ತಪ್ಪಿದರೆ ಕಂಪ್ಯೂಟರು ಮುಂದಿನ ಕೋಣೆಗೆ, ಬಿಲ್ಲು ಟೈಪ್ ಮಾಡುವುದಕ್ಕೆ.

ಆ ಇನ್ನೊಂದು ಸಲವೂ ಬಂತು. ರಮ್ಯಾ ಕಂಪ್ಯೂಟರಿನ ಊಹೆಯನ್ನು ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆದಳು. ತೊಟ್ಟಿ ನೋಡಿಕೊಳ್ಳುವ ಇಮಾಮ್ ಸಾಬ್ ಕ್ಯೂಬು ತಂದಿಟ್ಟ. ಅದನ್ನು ಯಂತ್ರದ ನಡುವೆ ಸರಿಪಡಿಸಲು ಬಗ್ಗಿದಾಗ ಅವಳ ಮೂಗಿಗೆ ಏನೋ ಬಡಿಯಿತು. ಬೇಯಿಸಿದ ರೇಷ್ಮೆಗೂಡಿನ ವಾಸನೆ. ಊರಿನ ಗಾಳಿಯಲ್ಲೇ ಅದಿರುವುದರಿಂದ ರಾಮನಗರದವರ ಮೂಗಿಗೆ ಅದು ಲೆಕ್ಕಕ್ಕಿಲ್ಲ. ದಿನಾ ಕೋಡಿಹಳ್ಳಿಯಿಂದ ಬಸ್ಸು ಹತ್ತಿ ಬರುವ ಇವಳ ಮೂಗು ಇನ್ನೂ ಒಗ್ಗಿರಲಿಲ್ಲ.

ಯಂತ್ರದ ಮುಳ್ಳು, ಗೋಡೆಯ ಮೇಲೆ ಬರೆದಿದ್ದ ಅಂಕಿಯನ್ನು ದಾಟಿ ಹೋಗಿ, ಕ್ಯೂಬು ತಡವಾಗಿ ಸಿಡಿಯಿತು. ಅನಂತರಾಜು ನೇರವಾಗಿ ಹೋಗಿ ಕಂಪ್ಯೂಟರಿನ ಪ್ಲಗ್ ಕಿತ್ತರು.

ರಮ್ಯಾಳನ್ನು ಆ ವಾಸನೆ ಬಿಡಲಿಲ್ಲ. ಹಿತ್ತಲಿಗೆ ಓಡಿ ತೊಟ್ಟಿಗೆ ಕೈ ಅದ್ದಿದಳು. ನೀರು ಬೆಚ್ಚಗಿತ್ತು. ಗೋಡೆಯಾಚೆ ಬಾಬಾಜಾನ್ ಅವರ ರೇಷ್ಮೆ ನೂಲು ತೆಗೆಯುವ ಶೆಡ್ಡು. ಅಲ್ಲಿಂದ ಒಂದು ಪೈಪು ಸದ್ದಿಲ್ಲದೆ ಈಚೆ ಇಳಿದಿತ್ತು. ಹಿಂದೆಯೇ ಬಂದ ಇಮಾಮ್ ಸಾಬ್‌ಗೆ ಕೆಲಸ ಹೋಯಿತೆಂಬ ಭಯ.

"ಚಳೀಲಿ ತೊಟ್ಟೀಗೆ ಕೈ ಹಾಕುದ್ರೆ ಬೆರಳು ಮರಗಟ್ಟೋಯ್ತವೆ ಕಣಮ್ಮ. ಗೂಡು ಬೇಸಿದ್ ನೀರ ಬಾಬಾಜಾನು ಹೆಂಗೂ ಮೋರೀಗೆ ಬುಡ್ತಿದ್ರು. ಈ ಸಲ ಒಸಿ ಈ ಕಡೆ ತಿರುಗಿಸ್ಕೊಂಡೆ."

ರಮ್ಯಾ ಒಳಗೆ ಹೋಗಿ ನಿಯಮದ ಪುಸ್ತಕ ತಂದಳು, ಕವರು ಕೂಡ ಬಿಚ್ಚದೆ ಮೂಲೆ ಸೇರಿದ್ದ ಥರ್ಮಾಮೀಟರನ್ನೂ ತಂದಳು. ತೊಟ್ಟಿಯ ನೀರು ಇಪ್ಪತ್ತೇಳು ಡಿಗ್ರಿ ಬೆಚ್ಚಗಿರಬೇಕು ಎಂದು ಪುಸ್ತಕ ಹೇಳುತ್ತಿತ್ತು. ಥರ್ಮಾಮೀಟರು ಹೆಚ್ಚುಕಮ್ಮಿ ಅದನ್ನೇ ಹೇಳಿತು. ಬೆರಳಿನ ಮೇಲಿನ ಕನಿಕರದಿಂದ ಇಮಾಮ್ ಸಾಬ್ ಯಾರಿಗೂ ತಿಳಿಯದಂತೆ ನಿಯಮ ಪಾಲಿಸಿಬಿಟ್ಟಿದ್ದ, ತನಗೂ ತಿಳಿಯದಂತೆ.

"ಕಂಪ್ಯೂಟರು ತಪ್ಪು ಹೇಳಿಲ್ಲ ಸಾರ್," ಎಂದಳು ರಮ್ಯಾ, ಹಿಂದೆಯೇ ಹಿತ್ತಲಿಗೆ ಬಂದಿದ್ದ ಅನಂತರಾಜುವಿಗೆ. "ನಮ್ ತೊಟ್ಟಿ ಇಷ್ಟು ವರ್ಷ ಹೆಂಗೆ ತಣ್ಣಗಿತ್ತೋ, ಅದನ್ನೇ ಕಲ್ತೈತೆ. ನೀರು ಎಷ್ಟು ಬಿಸಿ ಅಂತ ನಾನೇ ಅದಕ್ಕೆ ಹೇಳಿರಲಿಲ್ಲ. ಇನ್ಮೇಲೆ ಹೇಳ್ತೀನಿ."

ಅನಂತರಾಜು ಪುಸ್ತಕ ನೋಡಿದರು, ತೊಟ್ಟಿ ನೋಡಿದರು, ಹಣೆ ಚಚ್ಚಿಕೊಂಡರು. ಅವರಿಗೊಬ್ಬ ಗೆಳೆಯನಿದ್ದ, ಸೋಲೂರಿನ ಕಂಟ್ರಾಕ್ಟರ್ ಕೆಂಪರಾಜು. ಪ್ರತಿ ಚಳಿಗಾಲದಲ್ಲೂ ಅವನ ಕ್ಯೂಬು ಸೋತಾಗ, ಸಿಮೆಂಟು ನುಂಗುತ್ತೀಯ ಎಂದು ಅವನಿಗೆ ಬೈದು ಕಳಿಸಿದ್ದವರು ಇವರೇ. ಪೈಪು ಕೀಳಲೇ ಎಂದು ಇಮಾಮ್ ಸಾಬ್ ಹೆದರುತ್ತ ಕೇಳಿದ. ಅದನ್ನು ಮುಟ್ಟಿದರೆ ನೋಡು ಎಂದು ಗದರಿ, ಅನಂತರಾಜು ಒಳಗೆ ಹೋಗಿ ಸೋಲೂರಿಗೆ ಫೋನ್ ಹಚ್ಚಿದರು.

"ಲೇ ಕೆಂಪರಾಜು, ನಿನ್ ಕಾಂಕ್ರೀಟು ಚೆನ್ನಾಗಿತ್ತು ಕಣ್ಲಾ. ನಮ್ ನೀರೇ ಸರಿ ಇರ್ನಿಲ್ಲ."

ಆ ಕಡೆಯಿಂದ ಬಂದ ಬೈಗುಳ ಬಾಗಿಲವರೆಗೂ ಕೇಳಿಸಿತು. ಅನಂತರಾಜು ನಗುತ್ತ ಎಲ್ಲವನ್ನೂ ಕೇಳಿಸಿಕೊಂಡರು. ಕೇಳುತ್ತಲೇ ಬಗ್ಗಿ, ಕಿತ್ತಿದ್ದ ಪ್ಲಗ್ಗನ್ನು ಮತ್ತೆ ಸಿಕ್ಕಿಸಿದರು. ಬಾಗಿಲಲ್ಲಿ ನಿಂತಿದ್ದ ರಮ್ಯಾ, ಹಾಗಾದರೆ ಬಿಲ್ಲು ಏನು ಮಾಡುವುದೆಂದು ಮೆಲ್ಲಗೆ ಕೇಳಿದಳು.

"ಕೈಲೇ ಬರ್ಕಳನ ಬುಡಮ್ಮ," ಎಂದರು ಅನಂತರಾಜು.